ಗುಬ್ಬಿಯಲ್ಲಿ ವಿಲೇವಾರಿಯಾದ ಲಗ್ನಪತ್ರಿಕೆ

ಗಂಗಹನುಮಯ್ಯನವರು ಗುಬ್ಬಿಯ ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಅವರ ಕೈಯಿಂದ ಒಂದೇ ಒಂದು ಕಾಗದ ಕಳೆದಿರಲಿಲ್ಲ. ಕೇಳಿದ ಕಾಗದ ಹುಡುಕಿಕೊಡಲು ಮೂರು ದಿನ ಹಿಡಿದಿರಬಹುದು, ಮೂರು ತಿಂಗಳೂ ಹಿಡಿದಿರಬಹುದು. ಆದರೆ ‘ಇಲ್ಲ’ ಎಂಬ ಮಾತು ಆ ಬಾಯಿಂದ ಬಂದದ್ದಿಲ್ಲ. ತುಮಕೂರಿನ ಬಟವಾಡಿಯಲ್ಲಿ ಮನೆ ಮಾಡಿದ ಮೇಲೆ ಈ ವಿಷಯವನ್ನು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಹೆಂಡತಿ ಲಕ್ಷ್ಮೀದೇವಮ್ಮ ದಿನಕ್ಕೊಮ್ಮೆ ‘ಹೂಂ’ ಎನ್ನುತ್ತಿದ್ದರು. ಸಂಸಾರ ಸುಖವಾಗಿತ್ತು.

ಆದರೆ ಜೀವಮಾನವೆಲ್ಲ ಕಡತ ಜೋಡಿಸಿದ ಕೈ ಸುಮ್ಮನಿರುತ್ತದೆಯೇ? ನಿವೃತ್ತಿಯಾದ ಎರಡನೇ ತಿಂಗಳಿಗೇ ಅಡುಗೆಮನೆಯ ಡಬ್ಬಗಳ ಮೇಲೆ ನಂಬರು ಬಿದ್ದವು. ಹುರಳಿಕಾಳು ಬೇಕೆಂದರೆ ಲಕ್ಷ್ಮೀದೇವಮ್ಮ ಪುಸ್ತಕ ನೋಡಿ, ಹದಿನೇಳನೇ ಡಬ್ಬ ತೆಗೆದು, ಒಳಗೆ ಮೆಣಸಿನಕಾಯಿ ಕಂಡು, ಮುಚ್ಚಳ ಹಾಕಿ, ಉಳಿದ ಡಬ್ಬಗಳನ್ನು ಒಂದೊಂದಾಗಿ ಕೈಯಲ್ಲಿ ಎತ್ತಿ ತೂಗಿ ನೋಡಿ ಹುಡುಕಬೇಕಾಯಿತು. ಅಮ್ಮನ ಪಾಡು ನೋಡಲಾರದೆ ಮಗಳು ಸಂಧ್ಯಾ, ತಾನು ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ಕ್ಲಿನಿಕ್ಕಿನಿಂದ ಹಳೆಯದೊಂದು ಕಂಪ್ಯೂಟರು ತಂದು ಅಪ್ಪನ ಮುಂದಿಟ್ಟಳು. ಒಂದು ವಾರ ಕೂತು ಕಲಿಸಿದಳು.

“ಅಪ್ಪ, ಮೂಲೇಲಿ ಒಂದು ಬುಟ್ಟಿ ಇದೆ ನೋಡಿ. ಕೆಲಸ ಮುಗಿದಿದ್ದನ್ನ ಇದಕ್ಕೆ ಹಾಕ್ಬಿಡಿ. ಕೈತಪ್ಪಿ ಹಾಕಿದ್ರೂ ಹೆದರ್ಕೋಬೇಡಿ, ಬೇಕಾದಾಗ ವಾಪಸ್ ತೆಗೀಬೋದು.”

ಗಂಗಹನುಮಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಲಸ ಮುಗಿದದ್ದು ಮೇಜಿನ ಮೇಲಿಂದ ಹೋಗಬೇಕು, ಬೇಕೆಂದಾಗ ಬರಬೇಕು. ಈ ಹುಡುಗಿ ಅದನ್ನು ಬುಟ್ಟಿ ಎನ್ನುತ್ತಾಳೆ. ರೆಕಾರ್ಡ್ ರೂಮು ಎಂದರೆ ಇನ್ನೇನು ಮತ್ತೆ?

ಅವತ್ತಿನಿಂದ ಕರೆಂಟ್ ಬಿಲ್ಲಿನಿಂದ ಹಿಡಿದು ಸಂಧ್ಯಾಳ ಜಾತಕದವರೆಗೆ ಮುಗಿದ ಕೆಲಸವೆಲ್ಲ ಬುಟ್ಟಿ ಸೇರಿತು. ವರ್ಷ ತುಂಬುವಾಗ ಬುಟ್ಟಿಯಲ್ಲಿ ಸಾವಿರದ ನೂರ ನಲವತ್ತಮೂರು ಕಡತ. ಪರದೆಯ ಮೇಲೆ ಒಂದೂ ಇಲ್ಲ. ಅವರು ಬೀದಿಯವರನ್ನು ಒಳಗೆ ಕರೆದು ಖಾಲಿ ಪರದೆ ತೋರಿಸುತ್ತಿದ್ದರು. “ಒಂದೇ ಒಂದು ಬಾಕಿ ಇಲ್ಲ, ನೋಡಿ.” ಜನ ಖಾಲಿ ಪರದೆ ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು. ಬೇಕಾದ ಕಾಗದ ಬೇಕಾದಾಗ ಬುಟ್ಟಿಯಿಂದ ಬರುತ್ತಲೇ ಇದ್ದುದರಿಂದ ಸಂಧ್ಯಾಳೂ ‘ಬೇಕಾದ್ದನ್ನ ಬುಟ್ಟಿಗೆ ಹಾಕ್ಬೇಡಿ’ ಎಂದು ಹೇಳಿ ಹೇಳಿ ಸುಮ್ಮನಾದಳು.

ಹೀಗಿರುವಾಗ ಸಂಧ್ಯಾಳ ಮದುವೆ ಗೊತ್ತಾಯಿತು. ಹುಡುಗ ರವಿಕಿರಣ್ ಒಳ್ಳೆಯವನು, ಅವನ ಮನೆಯವರು ಇನ್ನೂ ಒಳ್ಳೆಯವರು, ಛತ್ರ ಸಿಕ್ಕಿತು, ಅಡುಗೆಯವರು ಸಿಕ್ಕರು. ತಕರಾರು ಬಂದದ್ದು ಲಗ್ನಪತ್ರಿಕೆಯ ಕೆಳಭಾಗದಲ್ಲಿ, ‘ತಮ್ಮ ಸುಖಾಗಮನವನ್ನು ಬಯಸುವವರು’ ಎಂದು ನೆಂಟರ ಹೆಸರು ಹಾಕುವ ಜಾಗದಲ್ಲಿ.

ಸಂಧ್ಯಾಳಿಗೆ ಇಬ್ಬರು ಮಾವಂದಿರು. ಒಬ್ಬರು ಗಂಗಹನುಮಯ್ಯನವರ ಅಕ್ಕನ ಗಂಡ, ಗುಬ್ಬಿಯ ಲಕ್ಷ್ಮೀನರಸಿಂಹಯ್ಯ ಮೇಷ್ಟ್ರು. ನಿವೃತ್ತ ಹೆಡ್‌ಮಾಸ್ಟರು, ಇವತ್ತಿಗೂ ಮಾತು ಮುಗಿಸುವಾಗ ‘ಅರ್ಥ ಆಯ್ತಾ?’ ಎನ್ನುವವರು. ಇನ್ನೊಬ್ಬ ಲಕ್ಷ್ಮೀದೇವಮ್ಮನ ತಮ್ಮ ಹನುಮಂತರಾಜು. ಕುಣಿಗಲ್ ಕಡೆ ಹುತ್ರಿದುರ್ಗದ ಬುಡದಲ್ಲಿ ತೋಟ, ರಾಗಿ ಹೊಲ ಮಾಡಿಕೊಂಡವನು, ಧಾರೆಗೆ ನಿಲ್ಲಬೇಕಾದ ಸೋದರಮಾವ. ಗುಬ್ಬಿ ಕಡೆ ಹದಿನಾಲ್ಕು ಹೆಸರು, ಕುಣಿಗಲ್ ಕಡೆ ಹದಿನಾಲ್ಕು. ಯಾರು ಮೇಲೆ, ಯಾರು ಕೆಳಗೆ?

ಗುಬ್ಬಿ ಮೇಲಿದ್ದ ಕರಡು ನೋಡಿ ಹನುಮಂತರಾಜು, “ನಾನ್ ಬರ್ತೀನಿ ಬುಡು ಅಕ್ಕ, ಆದ್ರೆ ಊಟಕ್ ಕೂರಾಕಿಲ್ಲ” ಎಂದ. ಕುಣಿಗಲ್ ಮೇಲಿದ್ದ ಕರಡು ನೋಡಿ ಮೇಷ್ಟ್ರು, “ನಾನು ಊಟಕ್ಕೆ ಬರ್ತೀನಿ, ಮದುವೆಗೆ ಬರೋದಿಲ್ಲ. ಅರ್ಥ ಆಯ್ತಾ?” ಎಂದರು. ಹೀಗೆ ಹತ್ತು ಕರಡು ಬಿದ್ದವು.

ಸಂಧ್ಯಾ ಒಂದು ದಿನ ಅಪ್ಪನ ಪಕ್ಕ ಕೂತು ಹೇಳಿದಳು: “ಅಪ್ಪ, ನಂಗೆ ಇಬ್ರು ಮಾವಂದ್ರೂ ಬೇಕು. ನಾನ್ ಸ್ಕೂಟರ್ ಕಲ್ತಿದ್ದು ಮೇಷ್ಟ್ರು ಮಾವನ ಹಿಂದೆ, ಈಜು ಕಲ್ತಿದ್ದು ರಾಜು ಮಾವನ ಬಾವೀಲಿ. ಒಬ್ರು ಮುಖ ಊದಿಸ್ಕೊಂಡು ನಿಂತ್ರೂ ನಾನು ಮಂಟಪದಲ್ಲಿ ಅತ್ತುಬಿಡ್ತೀನಿ.”

ಮೂವತ್ತನಾಲ್ಕು ವರ್ಷದಲ್ಲಿ ಗಂಗಹನುಮಯ್ಯನವರಿಗೆ ಇಷ್ಟು ಕಷ್ಟದ ಕಡತ ಬಂದಿರಲಿಲ್ಲ.

ಭಾನುವಾರ ಗುಬ್ಬಿಯಲ್ಲಿ, ಮೇಷ್ಟ್ರ ಮನೆಯಲ್ಲೇ ಸಭೆ ಸೇರಿತು. ಮೇಷ್ಟ್ರ ಬಳಿ ಶಾಲೆಯಿಂದ ಬಂದ ಹಳೆಯ ಕಂಪ್ಯೂಟರೊಂದಿತ್ತು. ಅದರಲ್ಲಿದ್ದದ್ದು ಬಟವಾಡಿಯ ಮನೆಯಲ್ಲಿರುವಂಥ ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಬೇರೆಯದೇ ವ್ಯವಸ್ಥೆ. ಗಂಗಹನುಮಯ್ಯನವರು ಅದನ್ನು ಗಮನಿಸಲಿಲ್ಲ. ಅಲ್ಲೂ ಒಂದು ಬುಟ್ಟಿ ಇರುವುದನ್ನು ಮಾತ್ರ ಗಮನಿಸಿ ನೆಮ್ಮದಿಪಟ್ಟರು. ಬಟವಾಡಿಯದೂ ಗುಬ್ಬಿಯದೂ ಒಂದೇ ರೆಕಾರ್ಡ್ ರೂಮು, ಬಾಗಿಲು ಎರಡು ಎಂಬುದು ಅವರ ತಿಳುವಳಿಕೆ. ಜೇಬಿನಲ್ಲಿ ತಂದ ಪೆನ್‌ಡ್ರೈವು ಅವರ ಲೆಕ್ಕದಲ್ಲಿ ಕಚೇರಿಯ ಜೀಪು. ಕಡತ ಹೊತ್ತು ತರುತ್ತದೆ, ಅಷ್ಟೇ.

ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ಮಾತು ಒಂದು ಗಂಟೆಗೆ ಮುಗಿಯಿತು. ಹೆಸರುಗಳು ಎರಡು ಸಾಲಾಗಿ ಅಕ್ಕಪಕ್ಕ ಬರತಕ್ಕದ್ದು. ಎಡಗಡೆ ಗುಬ್ಬಿ, ಏಕೆಂದರೆ ಓದುವವರು ಎಡದಿಂದ ಓದುತ್ತಾರೆ. ಬಲಗಡೆ ಕುಣಿಗಲ್, ಆದರೆ ಅರ್ಧ ಸೆಂಟಿಮೀಟರ್ ಮೇಲಿಂದ ಶುರುವಾಗತಕ್ಕದ್ದು. ಗುಬ್ಬಿಯವರು ಮೊದಲು, ಕುಣಿಗಲ್ಲಿನವರು ಮೇಲು. ಮೇಷ್ಟ್ರು ಪರದೆಗೆ ಸ್ಕೇಲ್ ಇಟ್ಟು ಅಳೆದರು. ಹನುಮಂತರಾಜು ಅದೇ ಸ್ಕೇಲನ್ನು ಕಿತ್ತುಕೊಂಡು ತಾನೂ ಅಳೆದ. ಅಳತೆ ತಾಳೆಯಾಯಿತು.

“ಎಲ್ರೂ ಒಪ್ಪಿದ್ರಾ?” ಎಂದರು ಗಂಗಹನುಮಯ್ಯ.

“ಒಪ್ಪಿದೀವಿ.”

“ಹಾಗಾದ್ರೆ ಕಡತ ಮುಕ್ತಾಯ” ಎಂದು ಎಲ್ಲರ ಕಣ್ಣೆದುರು, ಪೆನ್‌ಡ್ರೈವಿನಲ್ಲೇ ಬರೆದಿದ್ದ ಆ ಹನ್ನೊಂದನೇ ಕರಡನ್ನು ಬುಟ್ಟಿಗೆ ಹಾಕಿದರು. ಅಕ್ಕನಿಗೆ ತೋರಿಸಲೆಂದು ತಂದಿದ್ದ ನಿಶ್ಚಿತಾರ್ಥದ ವಿಡಿಯೋವನ್ನೂ, ಹಳೆಯ ಹತ್ತು ಕರಡನ್ನೂ ಅದರ ಹಿಂದೆಯೇ ಕಳಿಸಿದರು. ಪೆನ್‌ಡ್ರೈವು ಸ್ವಚ್ಛವಾಯಿತು. ಎಲ್ಲರೂ ಒಬ್ಬಟ್ಟಿಗೆ ಕೂತರು.

ಸೋಮವಾರ ಬೆಳಿಗ್ಗೆ ಗಂಗಹನುಮಯ್ಯನವರು ಶಿರಾ ಗೇಟಿನ ಬಸವಪ್ರಭುವಿನ ಪ್ರೆಸ್ಸಿಗೆ ಹೋಗಿ ಪೆನ್‌ಡ್ರೈವು ಕೊಟ್ಟರು. ಬಸವಪ್ರಭು ಅದನ್ನು ತನ್ನ ಮ್ಯಾಕ್ ಕಂಪ್ಯೂಟರಿಗೆ ಚುಚ್ಚಿದ.

“ಸಾರ್, ಇದ್ರಲ್ಲಿ ಏನೂ ಇಲ್ವಲ್ಲ.”

“ಅದ್ರಲ್ಲಿ ಹೇಗಿರುತ್ತಪ್ಪ? ಅದು ಜೀಪು. ಬುಟ್ಟಿ ತೆಗಿ.”

ಬಸವಪ್ರಭು ಬುಟ್ಟಿ ತೆಗೆದ. ಅದರಲ್ಲಿ ಯಾರದೋ ಗೃಹಪ್ರವೇಶ, ಎರಡು ವೈಕುಂಠ ಸಮಾರಾಧನೆ, ಒಂದು ‘ನಾಯಿ ಕಳೆದಿದೆ’ ಇದ್ದವು. “ಇದು ನಮ್ಮಂಗಡಿ ಕಸ ಸಾರ್. ನಿಮ್ಮ ಕಸ ನಿಮ್ಮನೇಲಿರುತ್ತೆ.”

“ಗುಬ್ಬೀಲಿ ನಮ್ಮ ಭಾವನ ಮಿಷನ್ನಲ್ಲಿ ಹಾಕಿದ್ದು. ಎಲ್ಲಾ ಒಂದೇ ಅಲ್ವೇನಯ್ಯಾ?”

“ಎಲ್ಲಾದ್ರೂ ಉಂಟಾ ಸಾರ್! ಇದು ಮ್ಯಾಕು. ನಿಮ್ಮನೇಲಿ ವಿಂಡೋಸು ಇರ್ಬೋದು. ಗುಬ್ಬೀಲಿ ಇನ್ಯಾವುದೋ. ಒಂದೊಂದಕ್ಕೂ ಅದರದ್ದೇ ಬುಟ್ಟಿ, ಅದರದ್ದೇ ರೂಲ್ಸು.”

“ಒಂದೇ ಜಿಲ್ಲೇಲಿ ಮೂರು ಪದ್ಧತಿನಾ? ಇದನ್ನ ಯಾರು ಮಂಜೂರು ಮಾಡಿದ್ರು?”

ಬಸವಪ್ರಭುವಿಗೆ ಯಾರೆಂದು ಗೊತ್ತಿರಲಿಲ್ಲ. ಸಮಾಧಾನಕ್ಕೆಂದು ನಾಲ್ಕು ಹೊಸ ಮಾದರಿಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡಲು ನೋಡಿದ. “ಜಾಗ ಇಲ್ಲ ಅಂತಿದೆ ಸಾರ್. ನೋಡಿದ್ರೆ ಖಾಲಿ, ಹಾಕಿದ್ರೆ ಜಾಗ ಇಲ್ಲ. ಕೆಟ್ಟೋಗಿದೆ, ಎಸೆದ್ಬಿಡಿ. ಮತ್ತೆ ಬುಧವಾರ ಬೆಳಿಗ್ಗೆ ಒಳಗೆ ಮ್ಯಾಟರ್ ಕೊಟ್ಬಿಡಿ. ಆಮೇಲೆ ನನ್ ಮಿಷನ್ ಹದಿನೈದು ದಿನ ಬೇರೆಯವರದ್ದು.”

ಎಸೆಯುವುದೇ! ಗಂಗಹನುಮಯ್ಯನವರು ಪೆನ್‌ಡ್ರೈವನ್ನು ಜೇಬಿಗಿಟ್ಟುಕೊಂಡು ರಸ್ತೆಗೆ ಬಂದು ಗುಬ್ಬಿಗೆ ಫೋನು ಮಾಡಿದರು.

“ಭಾವ, ನಿಮ್ಮ ಕಂಪ್ಯೂಟರಿನ ಬುಟ್ಟೀಲಿ ನಮ್ಮ ಕಡತ ಇದೆಯಾ ನೋಡಿ.”

ಮೇಷ್ಟ್ರು ನೋಡಿ ಬಂದರು. “ಬುಟ್ಟಿ ಖಾಲಿ. ನಮ್ಮ ಮನೇಲಿ ಕಸ ಇಟ್ಕೊಳ್ಳೋ ಪದ್ಧತಿ ಇಲ್ಲ.”

“ಸರಿಯಾಗಿ ನೋಡಿ ಭಾವ, ನಿನ್ನೆ ನಿಮ್ಮೆದುರಿಗೇ ಹಾಕಿದ್ನಲ್ಲ.”

“ನಲವತ್ತು ವರ್ಷ ಮಕ್ಕಳ ಉತ್ತರ ಪತ್ರಿಕೆ ನೋಡಿದ ಕಣ್ಣಯ್ಯಾ ಇದು. ಖಾಲಿ ಅಂದ್ರೆ ಖಾಲಿ. ಇದು ಯಾರ ಕೈವಾಡ ಅಂತ ನಂಗೆ ಗೊತ್ತು. ನಿನ್ನೆ ಊಟ ಆದ್ಮೇಲೆ ಕುಣಿಗಲ್ಲಿನವನು ‘ಕ್ರಿಕೆಟ್ ಸ್ಕೋರು ನೋಡ್ತೀನಿ’ ಅಂತ ಕಂಪ್ಯೂಟರ್ ಮುಂದೆ ಕೂತಿದ್ದ. ಅರ್ಥ ಆಯ್ತಾ?”

ಗಂಗಹನುಮಯ್ಯನವರು ಮನೆಗೆ ಬಂದು ತಮ್ಮ ಬುಟ್ಟಿ ಹುಡುಕಿದರು. ಸಾವಿರದ ನೂರ ನಲವತ್ತಮೂರೂ ಇದ್ದವು. ಹನ್ನೊಂದನೇ ಕರಡು ಇರಲಿಲ್ಲ. ಅವರು ಬದುಕಿನಲ್ಲಿ ಮೊದಲ ಸಲ ‘ಇಲ್ಲ’ ಎಂದರು. ಲಕ್ಷ್ಮೀದೇವಮ್ಮ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದರು.

“ಏನಿಲ್ಲ?”

“ಲಗ್ನಪತ್ರಿಕೆ. ಬುಟ್ಟೀಗೆ ಹಾಕಿದ್ದೆ. ಬುಟ್ಟೀಲಿಲ್ಲ.”

ಈ ಮಾತು ಪಕ್ಕದ ಮನೆಯ ಕಲ್ಲಮ್ಮನ ಕಿವಿಗೆ ಬಿತ್ತು. ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. “ಅಯ್ಯೋ ಶಿವನೇ, ಮಗಳ ಲಗ್ನಪತ್ರಿಕೇನ ಬುಟ್ಟೀಗೆ ಹಾಕಿದ್ರಾ? ಯಾಕ್ ಲಕ್ಷ್ಮಕ್ಕ, ಹುಡುಗ ಸರಿ ಇಲ್ವಾ? ಕಸದ ಆಟೋ ಈಗ್ ತಾನೇ ಮೂಲೆ ತಿರುಗ್ತು ಕಣ್ರೀ, ಓಡಿದ್ರೆ ಸಿಗುತ್ತೆ!”

ಯಾರೂ ಓಡಲಿಲ್ಲವೆಂದು ಕಲ್ಲಮ್ಮನೇ ಓಡಿದರು. ಕಸದ ಆಟೋದವನು ದಾಕ್ಷಿಣ್ಯಕ್ಕೆ ಒಣಕಸವನ್ನೆಲ್ಲ ರಸ್ತೆಗೆ ಸುರಿದು ತೋರಿಸಿದ. ಲಗ್ನಪತ್ರಿಕೆ ಸಿಗಲಿಲ್ಲ, ಸುದ್ದಿ ಮಾತ್ರ ಆಟೋದ ಜೊತೆ ಬಟವಾಡಿಯೆಲ್ಲ ಸುತ್ತಿತು. ಸಂಜೆ ಆರಕ್ಕೆ ರವಿಕಿರಣನ ಫೋನು ಬಂತು.

“ಮಾವ, ನನ್ನಿಂದ ಏನಾದ್ರೂ ತಪ್ಪಾಯ್ತಾ? ಬೇಕಾದ್ರೆ ಮೀಸೆ ತೆಗೀತೀನಿ.”

“ನಿಮ್ಮ ಮೀಸೆ ಹಂಗೇ ಇರ್ಲಪ್ಪ” ಎಂದರು ಗಂಗಹನುಮಯ್ಯ.

ಮಂಗಳವಾರ ಇಬ್ಬರು ಮಾವಂದಿರೂ ಬಟವಾಡಿಗೆ ಬಂದಿಳಿದರು. ಗುಬ್ಬಿ ಬಸ್ಸಿನಲ್ಲಿ ಒಬ್ಬರು, ಕುಣಿಗಲ್ ಬಸ್ಸಿನಲ್ಲಿ ಇನ್ನೊಬ್ಬ. ಸೋಫಾದ ಎರಡು ತುದಿಯಲ್ಲಿ ಕೂತರು. ನಡುವೆ ಗಂಗಹನುಮಯ್ಯನವರು ಕೂತು, ನೆನಪಿನಿಂದ ಹೊಸದಾಗಿ ಬರೆಯೋಣವೆಂದರು. ಬರೆಯಬಹುದಿತ್ತು. ಆದರೆ ಮೇಷ್ಟ್ರಿಗೆ ಗುಬ್ಬಿ ಎಡಗಡೆ ಇದ್ದದ್ದು ಚೆನ್ನಾಗಿ ನೆನಪಿತ್ತು, ಅರ್ಧ ಸೆಂಟಿಮೀಟರ್ ನೆನಪಿರಲಿಲ್ಲ.

“ಅರ್ಧ ಸೆಂಟಿಮೀಟರ್? ಆ ಮಾತು ಬಂದೇ ಇಲ್ಲ.”

“ಬಂದೇ ಇಲ್ವಾ? ಸ್ಕೇಲ್ ಯಾರ್ ಮನೇದು ಮೇಷ್ಟ್ರೇ? ಅರ್ಧ ಅಲ್ಲ, ಒಂದು! ನಾನೇ ಅಳ್ದಿವ್ನಿ!” ಎಂದು ಹನುಮಂತರಾಜು ಎದ್ದು ನಿಂತ. “ಸಾಕ್ಷಿ ಐತೆ ನನ್ ತಾವ. ಫೋಟೋ ಹೊಡ್ಕೊಂಡಿವ್ನಿ.”

ಎಲ್ಲರೂ ಮೊಬೈಲಿನ ಮೇಲೆ ಬಗ್ಗಿದರು. ಫೋಟೋದಲ್ಲಿ ಹನುಮಂತರಾಜುವಿನ ಹೆಸರು ತೆಂಗಿನಕಾಯಿ ಗಾತ್ರಕ್ಕಿತ್ತು. ಅದರ ಬಲಗಡೆ ಗುಬ್ಬಿ ಮನೆಯ ಕ್ಯಾಲೆಂಡರು. ಎಡಗಡೆ ಏನೂ ಬಿದ್ದಿರಲಿಲ್ಲ.

“ನಮ್ಮ ಕಡೆ ಹೆಸರೇ ಇಲ್ಲ ಇದ್ರಲ್ಲಿ!” ಎಂದರು ಮೇಷ್ಟ್ರು. “ಅಳಿಸಿದ್ದು ಇವನೇ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ? ಗಂಗಾ, ನಾನು ಹೊರಟೆ. ಊಟಕ್ಕೂ ಬರೋದಿಲ್ಲ.”

“ನೀವ್ ಯಾಕೆ ಓಗ್ತೀರಿ, ನಾನೇ ಓಗ್ತೀನಿ. ಧಾರೆಗೆ ಕ್ಯಾಲೆಂಡರ್ ನಿಲ್ಲಿಸ್ಕಳಿ!”

ಇಬ್ಬರೂ ಒಟ್ಟಿಗೆ ಎದ್ದು ಒಟ್ಟಿಗೆ ಬಾಗಿಲಿಗೆ ಬಂದು, ಯಾರು ಮೊದಲು ದಾಟುವುದೆಂದು ಗೊತ್ತಾಗದೆ ಅಲ್ಲೇ ನಿಂತರು. ಸಂಧ್ಯಾ ಕ್ಲಿನಿಕ್ಕಿನಿಂದ ಊಟಕ್ಕೆ ಬಂದವಳು ಹೊರಗಿನಿಂದ ಇದನ್ನು ನೋಡಿದಳು. ಅವಳ ಕಣ್ಣು ತುಂಬಿತು. ಅದನ್ನು ಕಂಡು ಇಬ್ಬರೂ ಹಿಂದೆ ಸರಿದು ಮತ್ತೆ ಸೋಫಾದ ತುದಿಗೆ ಹೋಗಿ ಕೂತರು.

“ಆ ಪೆನ್‌ಡ್ರೈವು ಎಲ್ಲಿ?” ಎಂದರು ಲಕ್ಷ್ಮೀದೇವಮ್ಮ. ಅಲ್ಲಿಯವರೆಗೆ ಅವರನ್ನು ಯಾರೂ ಕೇಳಿರಲಿಲ್ಲ.

“ಜೇಬಲ್ಲಿದೆ. ಖಾಲಿ.”

“ಪ್ರೆಸ್ಸಿನವನು ಏನಂದ ಅಂತ ಇನ್ನೊಂದ್ಸಲ ಹೇಳಿ.”

“ನೋಡಿದ್ರೆ ಖಾಲಿ, ಹಾಕಿದ್ರೆ ಜಾಗ ಇಲ್ಲ ಅಂದ.”

“ಡಬ್ಬ ಖಾಲಿ ಅಂತೀರಿ, ಎತ್ತಿದ್ರೆ ಭಾರ ಅಂತೀರಿ. ಹಂಗಂದ್ರೆ ಒಳಗೆ ಏನೋ ಕೂತಿದೆ ಅಂತ ತಾನೇ? ಮುಚ್ಚಳ ತೆಗೆದು ನೋಡದೆ ಎರಡ್ ದಿನದಿಂದ ಊರೆಲ್ಲ ಫೋನ್ ಮಾಡ್ಕೊಂಡಿದೀರಲ್ಲ!”

ಮುಚ್ಚಳ ತೆಗೆಯುವುದಕ್ಕೆ ಎದುರಿನ ಜೆರಾಕ್ಸ್ ಅಂಗಡಿಯ ಕಿರಣ್‌ಕುಮಾರ್ ಬಂದ. ನಲವತ್ತು ದಾಟಿದ ಅವನಿಗೆ ಕಂಪ್ಯೂಟರಿನ ಎಲ್ಲ ಕಾಯಿಲೆಗೂ ಒಂದೇ ಕಾರಣ ಗೊತ್ತಿತ್ತು. ಪೆನ್‌ಡ್ರೈವನ್ನು ಮನೆಯ ವಿಂಡೋಸಿಗೆ ಚುಚ್ಚಿದ. ಪ್ರೆಸ್ಸಿನ ಮ್ಯಾಕ್ ತೋರಿಸದೇ ಬಿಟ್ಟದ್ದನ್ನು ಈ ಯಂತ್ರ ತೋರಿಸಿತು: ಒಂದೇ ಒಂದು ಫೋಲ್ಡರು. ಹೆಸರಿನ ಮುಂದೆ ಒಂದು ಚುಕ್ಕೆ, ಹಿಂದೆ ಒಂದು ನಂಬರು.

“ವೈರಸ್ಸು!” ಎಂದ ಕಿರಣ್‌ಕುಮಾರ್. “ಹೆಸರು ನೋಡಿ ಅಂಕಲ್. ಒಳ್ಳೆ ಮನೆತನದ ಫೈಲು ಚುಕ್ಕೆ ಇಟ್ಕೊಂಡು ಓಡಾಡುತ್ತಾ? ಒಂದ್ ನಿಮಿಷ, ಅಳಿಸಾಕ್ತೀನಿ.”

“ಅಳಿಸಿದ್ದು ಬುಟ್ಟೀಗೆ ಹೋಗುತ್ತಲ್ಲ?” ಎಂದರು ಗಂಗಹನುಮಯ್ಯ, ಅಭ್ಯಾಸಬಲದಿಂದ.

“ಇಲ್ಲ ಅಂಕಲ್. ಈ ಮಿಷನ್ನಲ್ಲಿ ಪೆನ್‌ಡ್ರೈವಿಂದು ಅಳಿಸಿದ್ರೆ ಬುಟ್ಟಿಗೆ ಹೋಗಲ್ಲ, ಹಂಗೇ ಹೋಗ್ಬಿಡುತ್ತೆ. ಯಾರ್ ಅಪ್ಪ ಬಂದ್ರೂ ವಾಪಸ್ ಬರಲ್ಲ.”

ಅವನ ಬೆರಳು ಕೀಲಿಯ ಮೇಲೆ ಇಳಿಯುತ್ತಿತ್ತು.

“ನಿಲ್ಲಿಸು!”

ಆ ಕೂಗಿಗೆ ಕಲ್ಲಮ್ಮ ಮತ್ತೆ ಕಾಂಪೌಂಡು ಹತ್ತಿದರು. ಗಂಗಹನುಮಯ್ಯನವರು ಎದ್ದು ನಿಂತಿದ್ದರು. ಎರಡು ದಿನದಿಂದ ಬಾಗಿದ್ದ ಬೆನ್ನು ನೆಟ್ಟಗಾಗಿತ್ತು. “ನಾಶಪಡಿಸೋ ಮುಂಚೆ ಪಟ್ಟಿ ಮಾಡ್ಬೇಕು. ಒಳಗೆ ಏನೇನಿದೆ, ಯಾವತ್ತಿಂದು, ಎಲ್ಲಿಂದ ಬಂದದ್ದು, ಒಂದೊಂದೂ ಬರೀಬೇಕು. ಮೇಲಧಿಕಾರಿ ರುಜು ಆಗ್ಬೇಕು. ಆಮೇಲೆ ನಾಶ. ಮೂವತ್ತನಾಲ್ಕು ವರ್ಷದಲ್ಲಿ ಪಟ್ಟಿ ಇಲ್ದೆ ಒಂದು ಹಾಳೆ ಹರಿದಿಲ್ಲ ನಾನು.”

“ಅಂಕಲ್, ಇದು ವೈರಸ್ಸು. ವೈರಸ್ಸಿಗೆ ಪಟ್ಟಿ ಯಾರ್ ಮಾಡ್ತಾರೆ?”

“ನಾನ್ ಮಾಡ್ತೀನಿ. ತೆಗಿ ಅದನ್ನ. ಏ ಸಂಧ್ಯಾ, ಒಂದು ಹಾಳೆ, ಪೆನ್ನು ಕೊಡಮ್ಮ.”

ಕಿರಣ್‌ಕುಮಾರ್ ದೇವರ ಮೇಲೆ ಭಾರ ಹಾಕಿ ಫೋಲ್ಡರು ತೆಗೆದ. ಒಳಗೆ ಎರಡು ಕೋಣೆಯಿದ್ದವು. ಮೊದಲನೆಯದರಲ್ಲಿ ನಿಶ್ಚಿತಾರ್ಥದ ವಿಡಿಯೋ, ಅದೊಂದೇ ಪೆನ್‌ಡ್ರೈವಿನ ಹೆಚ್ಚುಕಡಿಮೆ ಪೂರ್ತಿ ಜಾಗ ನುಂಗಿ ಕೂತಿತ್ತು. ಅದರ ಕೆಳಗೆ ಒಂದರಿಂದ ಹತ್ತರವರೆಗೆ ಕರಡುಗಳು. ಅದರ ಕೆಳಗೆ ಹನ್ನೊಂದನೆಯದು. ಎಡಗಡೆ ಗುಬ್ಬಿ. ಬಲಗಡೆ ಕುಣಿಗಲ್. ಸಂಧ್ಯಾ ಸ್ಕೇಲ್ ತಂದಳು. ಕುಣಿಗಲ್ ಅರ್ಧ ಸೆಂಟಿಮೀಟರ್ ಮೇಲಿತ್ತು. ಒಂದಲ್ಲ, ಸೊನ್ನೆಯೂ ಅಲ್ಲ.

ಮೇಷ್ಟ್ರು ಕೆಮ್ಮಿದರು. ಹನುಮಂತರಾಜು ತನ್ನ ಕಾಲ್ಬೆರಳು ನೋಡಿಕೊಂಡ.

“ಇನ್ನೊಂದು ಕೋಣೇಲಿ ಏನಿದೆ?” ಎಂದರು ಗಂಗಹನುಮಯ್ಯ. ಪಟ್ಟಿ ಅರ್ಧಕ್ಕೆ ಬಿಡುವವರಲ್ಲ ಅವರು.

ಅದರಲ್ಲಿ ಹನ್ನೆರಡು ಪುಟ್ಟ ಚೀಟಿಗಳು. ಒಂದೊಂದು ಕಡತಕ್ಕೂ ಒಂದೊಂದು ಚೀಟಿ: ಇದು ಎಲ್ಲಿತ್ತು, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಇಲ್ಲಿಗೆ ಬಂತು. ಹನ್ನೊಂದನೇ ಕರಡಿನ ಚೀಟಿಯಲ್ಲಿ ಭಾನುವಾರ ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷ ಎಂದಿತ್ತು.

“ಒಬ್ಬಟ್ಟಿಗೆ ಕೂರೋ ಮುಂಚೆ” ಎಂದರು ಲಕ್ಷ್ಮೀದೇವಮ್ಮ. ಹಾಗಾದರೆ ಊಟವಾದ ಮೇಲೆ ಕ್ರಿಕೆಟ್ ನೋಡಿದವನು ಕ್ರಿಕೆಟ್ಟನ್ನೇ ನೋಡಿದ್ದ ಎಂಬುದು ಎಲ್ಲರಿಗೂ ತಿಳಿಯಿತು. ಮೇಷ್ಟ್ರು ಸೋಫಾದ ಮೇಲೆ ಒಂದು ಮೊಳ ಈಚೆ ಸರಿದು ಕೂತರು.

ಸಂಧ್ಯಾಳಿಗೆ ಆಗ ವಿಷಯ ಹೊಳೆಯಿತು. “ಅಪ್ಪ, ಮೇಷ್ಟ್ರು ಮಾವನ ಲಿನಕ್ಸು ಪೆನ್‌ಡ್ರೈವಿಂದು ಅಳಿಸಿದ್ರೆ ಪೆನ್‌ಡ್ರೈವೊಳಗೇ ಒಂದು ಬುಟ್ಟಿ ಮಾಡಿ ಇಟ್ಟಿರುತ್ತೆ. ನೀವು ಪೆನ್‌ಡ್ರೈವ್ ಕಿತ್ಕೊಂಡು ಬಂದ್ರಿ, ಬುಟ್ಟಿನೂ ನಿಮ್ಮ ಜೇಬಲ್ಲೇ ಬಂತು. ಅದಕ್ಕೇ ಗುಬ್ಬೀಲಿ ನೋಡಿದ್ರೆ ಖಾಲಿ.”

ಗಂಗಹನುಮಯ್ಯನವರು ಆ ಹನ್ನೆರಡು ಚೀಟಿಗಳನ್ನೂ ಒಂದೊಂದಾಗಿ ಪಟ್ಟಿಗೆ ಬರೆದುಕೊಂಡರು. ವಿಂಡೋಸು ಪೆನ್‌ಡ್ರೈವಿನದನ್ನು ಹೇಳಹೆಸರಿಲ್ಲದಂತೆ ಮಾಡುತ್ತದಂತೆ. ಮ್ಯಾಕು ಇದ್ದದ್ದನ್ನೂ ಇಲ್ಲ ಎಂದಿತು. ಗುಬ್ಬಿಯ ಆ ಹಳೆಯ ಯಂತ್ರ ಮಾತ್ರ ಯಾರೂ ಕೇಳದೆ, ಯಾರೂ ಹೇಳದೆ, ಚೀಟಿ ಬರೆದು, ತಾರೀಖು ಹಾಕಿ, ಜೋಡಿಸಿಟ್ಟಿದೆ.

“ಭಾವ,” ಎಂದರು, “ನಿಮ್ಮ ಮನೇಲಿರೋದು ಕಂಪ್ಯೂಟರಲ್ಲ. ಅದು ರೆಕಾರ್ಡ್ ಕೀಪರು.”

ಬುಧವಾರ ಬೆಳಿಗ್ಗೆ ಎಂಟಕ್ಕೇ ಹನ್ನೊಂದನೇ ಕರಡು ಶಿರಾ ಗೇಟು ಸೇರಿತು. ಗುರುವಾರ ಕಾರ್ಡುಗಳು ಬಂದವು. ಗುಬ್ಬಿಯಲ್ಲಿ ಮೇಷ್ಟ್ರು ಕಾರ್ಡು ಹಂಚುತ್ತ, “ಮೊದಲು ನಮ್ಮದೇ ಇದೆ, ನೋಡಿ” ಎಂದರು. ಕುಣಿಗಲ್ಲಿನಲ್ಲಿ ಹನುಮಂತರಾಜು ಕಾರ್ಡು ಹಂಚುತ್ತ, “ಮೇಲ್ಗಡೆ ನಮ್ದೇ ಐತೆ, ನೋಡ್ಕಳಿ” ಎಂದ. ಕಲ್ಲಮ್ಮ ಬೀದಿಯಲ್ಲಿ, ಲಗ್ನಪತ್ರಿಕೆಯನ್ನು ಹುಡುಕಿಸಿದ್ದು ತಾನೇ ಎಂದರು. ಸಂಧ್ಯಾ ಮದುವೆ ಸೀರೆಗೆ ರವಿಕೆ ಹೊಲಿಯಲು ಕೊಟ್ಟು ಬಂದಳು. ರವಿಕಿರಣನ ಮೀಸೆ ಉಳಿಯಿತು.

ಲೆಕ್ಕ ತೀರಿಸಲು ಹೋದಾಗ ಬಸವಪ್ರಭು ಕೇಳಿದ: “ಕೆಲಸ ಮುಗೀತಲ್ಲ ಸಾರ್, ನಿಮ್ಮ ಮ್ಯಾಟರ್ ನನ್ ಮಿಷನ್ನಿಂದ ಅಳಿಸ್ಬಿಡ್ಲಾ?”

“ನೀನು ಮುಟ್ಬೇಡ” ಎಂದರು ಗಂಗಹನುಮಯ್ಯ. “ನಿನ್ನ ಪದ್ಧತಿ ನಂಗೆ ಗೊತ್ತು.”

ಅವತ್ತು ಮಧ್ಯಾಹ್ನ ಮೂರರ ಹೊತ್ತಿಗೆ ಲಕ್ಷ್ಮೀದೇವಮ್ಮ ಫೋನು ಮಾಡಿದರು. ಚಪ್ಪರದವರು ಬಂದು ಕೂತಿದ್ದರು, ಯಜಮಾನರ ಪತ್ತೆಯಿರಲಿಲ್ಲ.

“ಎಲ್ಲಿದೀರಿ?”

“ಗುಬ್ಬೀಲಿ. ಒಂದು ಕಡತ ಬಾಕಿ ಇತ್ತು. ಭಾವನ ಮಿಷನ್ನಲ್ಲಿ ವಿಲೇವಾರಿ ಮಾಡಿ ಐದರ ಬಸ್ಸಿಗೆ ಬರ್ತೀನಿ.”

ಲಕ್ಷ್ಮೀದೇವಮ್ಮ ‘ಹೂಂ’ ಎಂದರು. ಫೋನಿಟ್ಟು, ಹೊಸ ಕಾರ್ಡೊಂದನ್ನು ಸೆರಗಿನಿಂದ ಒರೆಸಿ, ಹದಿನೇಳನೇ ಡಬ್ಬದಲ್ಲಿ ಮೆಣಸಿನಕಾಯಿಯ ಪಕ್ಕ ನಿಲ್ಲಿಸಿ ಮುಚ್ಚಳ ಹಾಕಿದರು. ಡಬ್ಬವನ್ನು ಒಮ್ಮೆ ಕೈಯಲ್ಲಿ ಎತ್ತಿ ತೂಗಿ ನೋಡಿದರು. ಭಾರವಾಗಿತ್ತು. ಇಟ್ಟು, ಚಪ್ಪರದವರಿಗೆ ಕಾಫಿ ಮಾಡಲು ಹೋದರು.